ಎರಡು ಗ್ರಿಲ್ಲು, ನಾಲ್ಕಡಿಗೆ ಮೂರಡಿ

ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ದಿನ, ಹೇಳಬೇಕಾದವರ ಮುಂದೆ ನಾನು ಬಾಯಿ ಬಿಡಲಿಲ್ಲ. ಈಗ ಬರೆಯುವುದರಿಂದ ಯಾರಿಗೂ ಏನೂ ವಾಪಸು ಸಿಗುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಬೇತಮಂಗಲದ ಕೆರೆಗೆ ಮುಖ ಮಾಡಿ ಬೆಂಗಳೂರಿನ ಮೇಡಂ ಒಬ್ಬರು ತೋಟದ ಮನೆ ಕಟ್ಟಿಸಿದ್ದರು. ಮನೆಯ ಹಿಂಬದಿಗೆ ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲದ ವರಾಂಡ. ಮೇಲೆ ಶೀಟು, ಮೂರು ಕಡೆ ಅರ್ಧ ಗೋಡೆ, ಗೋಡೆಯ ಮೇಲಿನಿಂದ ಸೂರಿನವರೆಗೂ ಸೊಳ್ಳೆ ಜಾಲರಿ. ಆ ಜಾಲರಿಯೊಳಗೆ ಅವರಿಗೆ ಇನ್ನೊಂದು ಅಡಿಗೆಮನೆ ಬೇಕಿತ್ತು. ಒಳಗೆ ಒಂದಿರುವಾಗ ಹೊರಗೊಂದು ಯಾಕೆ ಎಂದು ನಾನು ಕೇಳಲಿಲ್ಲ. ಕೆಲಸ ಕೊಡುವವರನ್ನು ಯಾಕೆ ಎಂದು ಕೇಳುವ ಮೇಸ್ತ್ರಿ ಎರಡನೆಯ ಸಲ ಆ ಗೇಟು ದಾಟುವುದಿಲ್ಲ.

ಅದು ನಾನು ಮೇಸ್ತ್ರಿಯಾಗಿ ಒಪ್ಪಿಕೊಂಡ ಮೊದಲ ಕೆಲಸ. ಅದಕ್ಕೂ ಮುಂಚೆ ಬಂಗಾರಪೇಟೆ ಸುತ್ತಮುತ್ತ ಗಾರೆ ಬಾಂಡ್ಲಿ ಹೊರುವ ಚಿತ್ತಾಳು ನಾನು. ಕರಣೆ ಹಿಡಿಯುವುದನ್ನು ಕದ್ದು ನೋಡಿ ಕಲಿತವಳು. ಹೆಂಗಸು ಗೋಡೆ ಕಟ್ಟುತ್ತಾಳೆ ಎಂದು ಮೇಡಂಗೆ ಬಹಳ ಖುಷಿ. ಮೊದಲ ದಿನವೇ ನನ್ನ ಫೋಟೋ ತೆಗೆದು ಯಾರ್ಯಾರಿಗೋ ಕಳಿಸಿದರು. ಈ ಕೆಲಸ ಒಪ್ಪವಾಗಿ ಮುಗಿದರೆ ಔಟ್‌ಹೌಸು, ಕಾಂಪೌಂಡು, ಎಲ್ಲಾ ನನಗೇ. ಕೆಟ್ಟರೆ ಮತ್ತೆ ತಲೆ ಮೇಲೆ ಬಾಂಡ್ಲಿ. ನನಗೆ ಇದ್ದ ಲೆಕ್ಕ ಇಷ್ಟೇ.

ಮೇಡಂ ಫೋನಿನಲ್ಲಿ ಯಾವುದೋ ದೇಶದ ವರಾಂಡದ ಚಿತ್ರ ತೋರಿಸಿದರು. “ಇದೇ ತರ ಕೌಂಟರ್ ಬೇಕು. ಮೇಲೆ ಗ್ರಾನೈಟ್, ಈ ಕಡೆ ಸಿಂಕ್. ಎರಡು ಗ್ರಿಲ್ ಹಾಕಿಸಿ. ಸೈಜ್ ನೀವೇ ನೋಡ್ಕೊಳ್ಳಿ, ಸ್ಟ್ರಾಂಗ್ ಆಗಿರ್ಬೇಕು ಅಷ್ಟೇ. ಅರ್ಥ ಆಯ್ತಲ್ಲ?”

“ಆಯ್ತು ಮೇಡಂ,” ಎಂದೆ.

ನಮ್ಮ ಕಡೆ ಗ್ರಿಲ್ಲು ಎಂದರೆ ಕಿಟಕಿಗೆ, ವರಾಂಡಕ್ಕೆ ಹಾಕುವ ಕಬ್ಬಿಣದ ಸರಳು. ಬಂಗಾರಪೇಟೆಯ ಬೀದಿಯಲ್ಲಿ ಗ್ರಿಲ್ ಚಿಕನ್ ತಿನ್ನದವಳೇನಲ್ಲ ನಾನು. ಆದರೆ ಅದು ಕೋಳಿಯ ಹೆಸರು ಎಂದುಕೊಂಡಿದ್ದೆನೇ ಹೊರತು ಕೋಳಿಯ ಕೆಳಗಿರುವ ಸರಳಿನ ಹೆಸರೆಂದು ತಿಳಿದಿರಲಿಲ್ಲ. ಚಿತ್ರದಲ್ಲಿ ಕಟ್ಟೆಯ ಮೇಲೆ ಎರಡು ಗುಂಡಿಗಳಿದ್ದವು, ಒಳಗೆ ಕೆಂಡ. ಅವು ಒಲೆ. ವರಾಂಡಕ್ಕೆ ಬರೀ ಜಾಲರಿ ಇದೆ, ಕೆರೆ ಕಡೆಯ ಕೋತಿಗಳು ಒಂದೇ ದಿನದಲ್ಲಿ ಅದನ್ನು ಹರಿದು ಹಾಕುತ್ತವೆ, ಹಾಗಾಗಿ ಜಾಲರಿಯ ಹಿಂದೆ ಗ್ರಿಲ್ಲು ಬೇಕು. ಎಷ್ಟು ಚೆನ್ನಾಗಿ ಹೊಂದಿತ್ತು ನೋಡಿ. ಆದರೂ ಮೂರು ಕಡೆ ತೆರೆದಿರುವ ವರಾಂಡಕ್ಕೆ ಎರಡೇ ಗ್ರಿಲ್ಲು ಯಾಕೆ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಕೇಳಿದರೆ ಇವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡಾರು ಎಂದು, ಎರಡು ಒಲೆಗಳ ನೇರಕ್ಕಿರುವ ಜಾಲರಿಗಷ್ಟೇ ಇರಬೇಕು ಎಂದು ಲೆಕ್ಕ ಹಾಕಿ ಸುಮ್ಮನಾದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆಯನ್ನು ನಾನು ಬೇಡದ ಕಡೆಯೇ ಪಾಲಿಸಿದ್ದೇನೆ.

ಕಬ್ಬಿಣದ ಕೆಲಸಕ್ಕೆ, ಕೋಲಾರದ ಚಿನ್ನದ ಗಣಿಯ ಕೆಲಸಗಾರರಿಗೆಂದು ಕಟ್ಟಿದ ನಂದಿದುರ್ಗದ ಲೈನ್ ಮನೆಗಳಲ್ಲಿರುವ ವೆಲ್ಡರ್ ಅಣ್ಣನನ್ನು ಹಿಡಿದೆ. ಗಣಿ ಮುಚ್ಚುವ ತನಕ ಅಲ್ಲಿನ ವರ್ಕ್‌ಶಾಪಿನಲ್ಲಿದ್ದವನು, ಆಮೇಲೆ ಮನೆ ಪಕ್ಕದಲ್ಲೇ ಶೆಡ್ಡು ಹಾಕಿಕೊಂಡವನು. ಮನೆಮಾತು ತಮಿಳು. ನನ್ನನ್ನು ತಂಗಿ ಎನ್ನುವ ಅರ್ಥದಲ್ಲಿ ತಂಗಚ್ಚಿ ಎನ್ನುತ್ತಿದ್ದ. ಅವನಿಗೆ ಓದು ಬರಹ ಬಾರದು. ಅಳತೆಯನ್ನು ಯಾರಾದರೂ ಒಂದು ಸಲ ಬಾಯಲ್ಲಿ ಹೇಳಿದರೆ ಸಾಕು. ಹತ್ತು ಮನೆಯ ಕಿಟಕಿ ಅಳತೆ ಕಿವಿಯಲ್ಲಿಟ್ಟುಕೊಂಡು ಹತ್ತಕ್ಕೂ ತಪ್ಪದೆ ಸರಳು ಕತ್ತರಿಸುತ್ತಿದ್ದ. ವಾಟ್ಸಪ್ಪು ಬಂದ ಮೇಲೆ ಗಿರಾಕಿಗಳು ವಾಯ್ಸ್ ಕಳಿಸುತ್ತಿದ್ದರು. “ಬುಕ್ಕು ಪೆನ್ನು ಎಲ್ಲಾ ನಂಗೆ ಕಿವೀನೇ,” ಎನ್ನುತ್ತಿದ್ದ.

ನಾನೂ ವಾಯ್ಸ್ ಕಳಿಸಿದೆ. ಕಳಿಸಿ ಕಟ್ಟೆಯ ಕೆಲಸಕ್ಕೆ ಇಳಿದೆ.

ನೆಲ ಅಗೆದು ಸೈಜುಗಲ್ಲಿನ ಪಾಯ ಹಾಕಿ, ಮೇಲೆ ಸಿಮೆಂಟು ಬ್ಲಾಕಿನಲ್ಲಿ ಎರಡೂಮುಕ್ಕಾಲು ಅಡಿ ಎತ್ತರದ ಕಟ್ಟೆ ಎಬ್ಬಿಸಿದೆ. ಕೆಂಡದ ಗುಂಡಿಗಳಿಗೆ ಮಾತ್ರ ಒಳಗೆ ಬೆಂಕಿ ಇಟ್ಟಿಗೆ. ಅದಕ್ಕೆ ಸಿಮೆಂಟು ಗಾರೆ ಹಾಕಬಾರದು, ಬಿಸಿಗೆ ಪುಡಿಯಾಗಿ ಉದುರುತ್ತದೆ. ಬೆಂಕಿ ಮಣ್ಣನ್ನು ಹಿಟ್ಟಿನ ಹದಕ್ಕೆ ಕಲಸಿ, ಇಟ್ಟಿಗೆಯನ್ನು ಅದರಲ್ಲಿ ಅದ್ದಿ, ಒಂದಕ್ಕೊಂದು ಒತ್ತಿ ಕೂರಿಸಬೇಕು. ನಡುವಿನ ಸಂದಿ ಉಗುರಿಗಿಂತ ದಪ್ಪವಾಗಕೂಡದು. ಗುಂಡಿಯ ತಳದಲ್ಲಿ ಗಾಳಿಗೆ ನಾಲ್ಕು ತೂತು, ಬೂದಿ ಎಳೆಯಲು ಒಂದು ಕಿಂಡಿ. ಕಟ್ಟೆಗೆ ಗೋಣಿಚೀಲ ಹೊದಿಸಿ ಒಂದು ವಾರ ನೀರು ಕುಡಿಸಿದೆ. ಗುಂಡಿಗಳಿಗೆ ನೀರು ಸೋಕದಂತೆ ಶೀಟು ಮುಚ್ಚಿ, ಆಮೇಲೆ ಮೂರು ದಿನ ಕಡ್ಡಿ ಪುಳ್ಳೆಯ ಸಣ್ಣ ಉರಿ ಹಾಕಿ ಒಣಗಿಸಿದೆ. ಇಷ್ಟನ್ನೂ ಯಾರೂ ಕಲಿಸಿರಲಿಲ್ಲ. ಅಲ್ಲಿ ಇಲ್ಲಿ ಕೇಳಿದ್ದು, ನೋಡಿದ್ದು ಸೇರಿಸಿ ಮಾಡಿದ್ದು. ಆ ಗುಂಡಿಗಳ ಬಗ್ಗೆ ನನಗೆ ಇವತ್ತಿಗೂ ಜಂಬವಿದೆ.

ಶನಿವಾರ ಬೆಳಿಗ್ಗೆ ವೆಲ್ಡರ್ ಅಣ್ಣ ಟೆಂಪೋದಲ್ಲಿ ಗ್ರಿಲ್ಲು ತಂದಿಳಿಸಿದ. ನಾಲ್ಕಡಿಗೆ ಮೂರಡಿ, ಎರಡು. ನಡುವೆ ಬಾಗಿಸಿದ ಪಟ್ಟಿಯಲ್ಲಿ ಒಂದೊಂದು ನವಿಲು, ಒಂದೊಂದು ಗರಿಯೂ ಬಿಡಿಬಿಡಿಯಾಗಿ. ಹಸಿರು ಪೇಂಟು. ಮೇಡಂ ಕಾರಿನಿಂದ ಇಳಿದವರು ಅವನ್ನು ನೋಡಿದರು, ಖಾಲಿ ಗುಂಡಿಗಳನ್ನು ನೋಡಿದರು.

“ಏನಿದು?”

“ಗ್ರಿಲ್ಲು ಮೇಡಂ,” ಎಂದ ವೆಲ್ಡರ್ ಅಣ್ಣ.

“ಇದರ ಮೇಲೆ ನಾನು ಮೀನು ಸುಡ್ಬೇಕಾ? ನವಿಲಿನ ಮೇಲೆ?”

ನನಗೆ ಆಗ, ಆ ಒಂದು ಮಾತಿನಲ್ಲಿ ಎಲ್ಲವೂ ತಿಳಿಯಿತು. ವೆಲ್ಡರ್ ಅಣ್ಣ ನನ್ನ ಕಡೆ ತಿರುಗಿ, “ತಂಗಚ್ಚಿ ಯೋಳಿದಂಗೇ ಮಾಡಿವ್ನಿ ಮೇಡಂ. ಕಿಟಕಿಗಾಕೋ ತರ, ಡಿಸೈನ್ ಇರ್ಲಿ ಅಂತ,” ಎಂದ. ದೂರುವ ದನಿಯೇನಲ್ಲ. ನಡೆದದ್ದನ್ನು ಹೇಳಿದ, ಅಷ್ಟೇ.

ಮೇಡಂ ನನ್ನನ್ನು ನೋಡಿದರು. ನನ್ನ ಫೋಟೋ ತೆಗೆದಿದ್ದ ಅದೇ ಕಣ್ಣು.

“ನಾನು ಅಡಿಗೆಗೆ ಅಂತಾನೇ ಹೇಳಿದ್ದು ಮೇಡಂ,” ಎಂದೆ. ಸುಳ್ಳು ಬಾಯಿಂದ ಹೊರಬಿದ್ದ ಮೇಲೆ ಅದಕ್ಕೊಂದು ಊರುಗೋಲು ಬೇಕಲ್ಲ, ಅದೂ ತಾನಾಗಿ ಬಂತು. “ಅಣ್ಣನಿಗೆ ಕಿವಿ ಸ್ವಲ್ಪ ಮಂದ. ಗಣಿ ಕೆಲಸದೋರಲ್ವಾ, ಸದ್ದಿಗೆ ಹೋಗಿರುತ್ತೆ.”

“ಕಿವೀನಾ? ನಂಗಾ?” ಎಂದು ವೆಲ್ಡರ್ ಅಣ್ಣ ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ನನ್ನ ಮುಖ ನೋಡಿ ನಗು ನಿಲ್ಲಿಸಿದ. “ವಾಯ್ಸ್ ಐತೆ ಮೇಡಂ. ಫೋನು ಮನೇಲಿ ಚಾರ್ಜಿಗಾಕಿ ಬಂದಿವ್ನಿ. ನಾಳೆ ತಂದು ಕೇಳುಸ್ತೀನಿ.”

“ತನ್ನಿ, ಕೇಳೋಣ,” ಎಂದರು ಮೇಡಂ. “ನಿಮ್ಮಿಬ್ಬರಲ್ಲಿ ಯಾರು ಸುಳ್ಳು ಹೇಳ್ತಿದೀರೋ ಅವರು ನಾಳೆಯಿಂದ ಬರೋದು ಬೇಡ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಬರೆ ಹಾಕುವವರು ಯಾರೋ ದಡ್ಡರು ಎಂದು ನಾನು ತಿಳಿದಿದ್ದೆ. ಅವರು ದಡ್ಡರಲ್ಲ.

ಮಧ್ಯಾಹ್ನವೇ ಬಸ್ಸು ಹತ್ತಿ ನಂದಿದುರ್ಗಕ್ಕೆ ಹೋದೆ. ಏನು ಮಾಡಬೇಕೆಂದು ತೀರ್ಮಾನಿಸಿ ಹೋದೆ ಎಂದರೆ ಸುಳ್ಳಾಗುತ್ತದೆ. ಕಾಲಿಗೆ ಬಿದ್ದು, ಅಣ್ಣಾ ಆ ವಾಯ್ಸ್ ಕೇಳಿಸಬೇಡ ಎನ್ನುವುದೂ ಮನಸ್ಸಿನಲ್ಲಿತ್ತು. ಅವನು ಬಾಗಿಲಲ್ಲೇ ಕೂತಿದ್ದ. ನನ್ನನ್ನು ಕಂಡು ಎದ್ದು ಕುರ್ಚಿ ಹಾಕಿದ. ಕೋಪದ ಒಂದು ಎಳೆ ಇದ್ದಿದ್ದರೂ ನನಗೆ ಸುಲಭವಾಗುತ್ತಿತ್ತು.

“ನೀನು ಮರ್ತಿರ್ತೀಯಾಮ್ಮ. ಹತ್ತು ಕೆಲ್ಸದ ನಡುವೆ ಆಗತ್ತೆ,” ಎಂದ. ಗೂಡಿನಿಂದ ಫೋನು ತೆಗೆದು ನನ್ನ ಕೈಗೇ ಕೊಟ್ಟ. “ನಿನ್ ವಾಯ್ಸು ಕೆಳಗೆಲ್ಲೋ ಓಗ್ಬುಟ್ಟೈತೆ, ನಂಗೆ ಉಡುಕಕ್ಕೆ ಬರಲ್ಲ. ನೀನೇ ತೆಗ್ದು ಕೇಳು. ಆಮೇಲೆ ಇಬ್ರೂ ಓಗಿ ಮೇಡಂಗೆ ಯೋಳನ, ಪರವಾಗಿಲ್ಲ, ಬೈದ್ರೆ ಬೈತಾರೆ.” ಕಾಫಿಗೆ ಹಾಲಿಲ್ಲವೆಂದು ಒಳಗಿನಿಂದ ಹೆಂಡತಿ ಕೂಗಿದಳು. ಚೊಂಬು ಹಿಡಿದು ಎದುರು ಲೈನಿಗೆ ಹೋದ.

ಹುಡುಕಿದೆ. ಸಿಕ್ಕಿತು. ದನಿ ಇಳಿಸಿ ಕಿವಿಗೆ ಇಟ್ಟುಕೊಂಡೆ. “ಅಣ್ಣಾ, ಎರಡು ಗ್ರಿಲ್ಲು ಬೇಕು. ನಾಕಡಿಗೆ ಮೂರಡಿ. ಕಿಟಕಿಗೆ ಹಾಕೋ ತರಾನೇ, ಸ್ವಲ್ಪ ಡಿಸೈನ್ ಇರ್ಲಿ, ದೊಡ್ಡೋರ ಮನೆ.” ನನ್ನದೇ ದನಿ, ಅದರಲ್ಲಿ ಮೇಸ್ತ್ರಿಯ ಬಿಗುಮಾನ ಬೇರೆ. ಅದರ ಮೇಲೆ ಬೆರಳು ಒತ್ತಿ ಹಿಡಿದೆ. ಅಳಿಸಲೇ ಎಂದು ಫೋನು ಕೇಳಿತು. ಫೋನೂ ಒಂದು ಸಲ ಕೇಳಿತು. ಅಳಿಸಿದೆ. ನನ್ನ ಫೋನಿನಲ್ಲಿದ್ದುದನ್ನೂ ಅಳಿಸಿದೆ.

ಅವನು ಹಾಲು ತಂದ. “ಸಿಗ್ತಾ?”

“ಇಲ್ಲಣ್ಣ. ಯಾವ ವಾಯ್ಸೂ ಇಲ್ಲ. ನಾನು ಫೋನ್ ಮಾಡಿ ಹೇಳಿದ್ದೆ, ಮರ್ತಿದೀಯ. ಅಡಿಗೆಗೆ ಅಂತ ಹೇಳಿದ್ದೆ.”

ಅವನು ಬಹಳ ಹೊತ್ತು ಫೋನು ಹಿಡಿದು ನೋಡಿದ. ಅಕ್ಷರ ಬಾರದವನಿಗೆ ಅದರಲ್ಲಿ ಕಾಣುವುದೇನು? “ಮೂರು ಸಲ ಕೇಳಿದ್ನಲ್ಲ. ನಿನ್ ಗಂಟಲೇ,” ಎಂದ. ಹೆಂಡತಿ ಕಾಫಿ ತಂದಿಟ್ಟು, “ಅವ್ರು ಹಂಗೇನಮ್ಮ ಈಚೆಗೆ. ಮೊನ್ನೆ ಸಕ್ಕರೆ ತನ್ನಿ ಅಂದ್ರೆ ಉಪ್ಪು ತಂದ್ರು,” ಎಂದಳು. ನನಗೆ ಆ ಮಾತು ಎಷ್ಟು ಹಿತವಾಯಿತು ಎಂದರೆ, ಕಾಫಿಯನ್ನು ಪೂರ್ತಿ ಕುಡಿದೆ.

ಮರುದಿನ ಅವನು ಮೇಡಂ ಮುಂದೆ ನಿಂತು, “ವಾಯ್ಸ್ ಇಲ್ಲ ಮೇಡಂ. ನಾನೇ ತಪ್ಪಾಗಿ ಕೇಳಿಸ್ಕೊಂಡಿರ್ಬೇಕು,” ಎಂದ. ಸುಳ್ಳು ಹೇಳಿದವರು ಯಾರೂ ಇಲ್ಲವೆಂದು ಮೇಡಂಗೆ ಕನಿಕರ ಬಂತು, ಬರಬೇಡ ಎನ್ನಲಿಲ್ಲ. ನವಿಲಿನ ಗ್ರಿಲ್ಲುಗಳನ್ನು ಕತ್ತರಿಸಿ ನಾಯಿಗೆ ಗೂಡು ಮಾಡಿಕೊಡಿ ಎಂದರು. ಅವನು ಅಲ್ಲೇ, ತೋಟದಲ್ಲಿ ಕೂತು ಕತ್ತರಿಸಿದ. ಅಳತೆಗೆ ಒಂದು ನವಿಲಿನ ಕತ್ತು ಅಡ್ಡ ಬರುತ್ತಿತ್ತು. ಅದನ್ನೂ ಕತ್ತರಿಸಿದ. ನಾನು ಸಿಂಕಿಗೆ ಪೈಪು ಕೂರಿಸುತ್ತಾ ಆ ಸದ್ದು ಕೇಳುತ್ತಿದ್ದೆ.

ಅಡಿಗೆಯ ಗ್ರಿಲ್ಲನ್ನು ಆಮೇಲೆ ಮಾಡಿಸಿದೆ. ಎರಡಡಿಗೆ ಒಂದೂವರೆ, ಸ್ಟೀಲಿನ ಗುಂಡು ಸರಳು, ಪೇಂಟು ಇಲ್ಲ, ಸರಳಿಗೂ ಸರಳಿಗೂ ಒಂದು ಬೆರಳು ಅಂತರ. ಅವನು ಈಗ ಪ್ರತಿ ಅಳತೆಗೂ ತಿರುಗಿ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಅವನು ತನ್ನಷ್ಟಕ್ಕೆ ಬಾಯಲ್ಲಿ ಗುನುಗಿಕೊಂಡು ಮತ್ತೆ ಕೇಳುತ್ತಿದ್ದ.

ಮೊದಲ ದೊಡ್ಡ ಉರಿ ಹಾಕಿದ ದಿನ ಎರಡು ಕೆಲಸ ಕೆಟ್ಟವು, ಎರಡೂ ನನ್ನವೇ. ಗ್ರಾನೈಟನ್ನು ಗುಂಡಿಯ ಅಂಚಿಗೆ ಬಿಗಿಯಾಗಿ ಕೂರಿಸಿದ್ದೆ. ಅರ್ಧ ಗಂಟೆಗೆ ಪಟ್ ಎಂದು ಮೂಲೆಯಿಂದ ಮೂಲೆಗೆ ಸೀಳಿತು. ಹೊಗೆಯೂ ಹೋಗಲಿಲ್ಲ. ಜಾಲರಿ ಇದೆ, ಗಾಳಿ ಆಡುತ್ತದೆ ಎಂದುಕೊಂಡಿದ್ದೆ. ಸೊಳ್ಳೆಯನ್ನು ತಡೆಯುವ ಸಣ್ಣ ಕಣ್ಣು ಹೊಗೆಯನ್ನೂ ತಡೆಯುತ್ತದೆ. ವರಾಂಡವೆಲ್ಲಾ ಕಣ್ಣು ಬಿಡಲಾಗದಂತೆ ತುಂಬಿ, ಬಿಳಿಯ ಜಾಲರಿ ಮಸಿ ಹಿಡಿಯಿತು. ಮೇಡಂ ಬರಲು ಇನ್ನು ಆರು ದಿನವಿತ್ತು. ಎರಡನೆಯ ತಪ್ಪನ್ನು ಹೊರಿಸಲು ನನ್ನ ಬಳಿ ಇನ್ನೊಂದು ಕಿವಿ ಇರಲಿಲ್ಲ.

ವೆಲ್ಡರ್ ಅಣ್ಣ ಒಡೆದ ಕಲ್ಲಿನ ಮೇಲೆ ಕೈಯಾಡಿಸಿ, “ಕಲ್ಲೂ ಬಿಸಿಗೆ ಉಬ್ಬತ್ತಮ್ಮ. ಅದಕ್ಕೂ ಜಾಗ ಬೇಕು,” ಎಂದ. ಗುಂಡಿಯ ಸುತ್ತ ಆಂಗಲ್ ಪಟ್ಟಿಯ ಚೌಕಟ್ಟು ಮಾಡಿಕೊಟ್ಟ. ಹೊಸ ಕಲ್ಲು ಅದರ ಮೇಲೆ ಕೂರುವಂತೆ, ಬೆಂಕಿ ಇಟ್ಟಿಗೆಗೂ ಕಲ್ಲಿಗೂ ಅರ್ಧ ಬೆರಳು ಬಿಟ್ಟು. ಗುಂಡಿಗಳ ಮೇಲೆ ತಗಡಿನ ದೊಡ್ಡ ಕೊಡೆ, ಅದರಿಂದ ಒಂದು ಕೊಳವೆ ಶೀಟು ದಾಟಿ ಮೂರಡಿ ಮೇಲಕ್ಕೆ. ಗಣಿಯಲ್ಲಿ ಗಾಳಿ ಹಾಯಿಸುವ ತಗಡಿನ ಕೊಳವೆ ಮಾಡಿ ಅಭ್ಯಾಸವಿದ್ದ ಕೈ. ಯಾರೂ ಅವನಿಗೆ ಅದರ ಅಳತೆ ಹೇಳಲಿಲ್ಲ, ಕಣ್ಣಲ್ಲೇ ನೋಡಿ ಮಾಡಿದ. ಉರಿ ಹಾಕಿದೆವು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು.

ಆಗ ಹೇಳಬಹುದಿತ್ತು. ಇಬ್ಬರೇ ಇದ್ದೆವು, ಇಬ್ಬರಿಗೂ ಖುಷಿಯಾಗಿತ್ತು. “ಚೆನ್ನಾಗಾಯ್ತಣ್ಣ,” ಎಂದೆ, ಅಷ್ಟೇ.

ಭಾನುವಾರ ಮಧ್ಯಾಹ್ನ ಮೇಡಂ ಮನೆಯಲ್ಲಿ ಊಟಕ್ಕೆ ಹದಿನೈದು ಜನ. ಕೆಂಡ ನೋಡಿಕೊಳ್ಳಲು ವೆಲ್ಡರ್ ಅಣ್ಣನನ್ನು, ತೋರಿಸಿಕೊಳ್ಳಲು ನನ್ನನ್ನು ಕರೆಸಿದ್ದರು. ಮೀನು, ಜೋಳ, ಪನೀರು ಸುಟ್ಟರು. ಮೇಡಂ ಕೊಡೆಯನ್ನು, ಕೊಳವೆಯನ್ನು ತೋರಿಸಿ, “ಎಲ್ಲಾ ಇವರದ್ದೇ ಐಡಿಯಾ, ನಮ್ಮ ಲೇಡಿ ಮೇಸ್ತ್ರಿ,” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾಯಿ ಗೂಡಿನ ಕಡೆ ಕೈ ಮಾಡಿ ಗ್ರಿಲ್ಲಿನ ಕಥೆ ಹೇಳಿದರು. ಕಿವಿಗೆ ಕೈಯಿಟ್ಟು “ಆಂ? ನವಿಲಾ?” ಎಂದು ಅಭಿನಯಿಸಿದರು. ಜನ ಬಿದ್ದು ಬಿದ್ದು ನಕ್ಕರು. ಒಬ್ಬ ಗಂಡಸು ಕೆಂಡದ ಮುಂದೆ ನಿಂತಿದ್ದ ವೆಲ್ಡರ್ ಅಣ್ಣನ ಕಿವಿಯ ಹತ್ತಿರ ಬಾಗಿ, ಜೋರಾಗಿ, “ಒಂದು ಮೀನು ಕೊಡಿ! ನವಿಲಲ್ಲ, ಮೀನು!” ಎಂದ. ಅವನು ಮೀನು ಎತ್ತಿ ತಟ್ಟೆಗೆ ಹಾಕಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನೂ ನಕ್ಕೆ. ಬಲವಂತದ ನಗೆಯಲ್ಲ, ನನಗೆ ನಿಜವಾಗಿ ನಗು ಬಂತು. ಅದನ್ನೇ ನಾನು ಮರೆಯಲಾರದವಳಾಗಿದ್ದೇನೆ.

ಹದಿನೈದು ದಿನದ ಮೇಲೆ ಅವನು ಕೋಲಾರದ ಆಸ್ಪತ್ರೆಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದ. ವಾಪಸಾಗುವಾಗ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಕೈಯಲ್ಲಿ ಗೆರೆ ಗೆರೆ ಚಿತ್ರದ ಒಂದು ಕಾಗದ.

“ಏನಂದ್ರಣ್ಣ?”

“ಕಿವಿ ಬಂಗಾರದಂಗೈತೆ ಅಂದ್ರು. ಈ ವಯಸ್ಸಿಗೆ ಇಷ್ಟು ಕೇಳ್ಸೋದೇ ಎಚ್ಚು ಅಂತೆ.” ಕಾಗದವನ್ನು ಮಡಿಸಿ, ಮತ್ತೆ ಬಿಡಿಸಿದ. “ಕಿವಿ ಸರಿಯಾಗೈತೆ ಅಂದ್ರೆ ಇನ್ನು ಕೆಟ್ಟಿರೋದು ತಲೇನೇ ಅಲ್ವಾ ತಂಗಚ್ಚಿ? ಕೇಳ್ದೇ ಇರೋದನ್ನ ಕೇಳ್ದೆ ಅಂತ ಅನ್ಸಿದ್ರೆ? ನಮ್ಮಪ್ಪನಿಗೂ ಕೊನೇಲಿ ಇಂಗೇ ಆಗಿತ್ತು. ಯಾರ್ಯಾರೋ ಮಾತಾಡಂಗೆ ಕೇಳ್ಸೋದು.” ಕಾಗದವನ್ನು ನನ್ನ ಕಡೆ ಚಾಚಿ, ನೀನೇ ಓದು ಎನ್ನುವಂತೆ ಹಿಡಿದ. ಗಣಿ ಮುಚ್ಚಿ ಊರಿಗೆ ಊರೇ ಎದೆ ಬಡಿದುಕೊಂಡಾಗ ಹೆದರದೆ ಶೆಡ್ಡು ಹಾಕಿದ ಮನುಷ್ಯ ಅವನು.

ಇದಕ್ಕಿಂತ ದೊಡ್ಡ ಅವಕಾಶ ಯಾರಿಗೂ ಸಿಗುವುದಿಲ್ಲ. ಒಂದು ವಾಕ್ಯ ಸಾಕಿತ್ತು. ಆ ಹೊತ್ತಿಗೆ ಮೇಡಂ ಔಟ್‌ಹೌಸಿನ ಕೆಲಸ ನನಗೆ ಕೊಟ್ಟಾಗಿತ್ತು. ಅವರ ಸ್ನೇಹಿತರಿಬ್ಬರು ಇಂಥದೇ ಅಡಿಗೆಮನೆ ಬೇಕೆಂದು ಕೇಳಿದ್ದರು. “ಹಂಗೇನಿಲ್ಲ ಅಣ್ಣ, ವಯಸ್ಸಾದ ಮೇಲೆ ಎಲ್ಲರಿಗೂ ಇದ್ದದ್ದೇ,” ಎಂದು ಬಸ್ಸು ಹತ್ತಿದೆ.

ಈಗ ಅವನು ಒಬ್ಬನೇ ಗಿರಾಕಿಗಳ ಹತ್ತಿರ ಮಾತಾಡುವುದಿಲ್ಲ. ಹೊಸಬರ ಕೆಲಸ ಹಿಡಿಯುವುದಿಲ್ಲ. ಶೆಡ್ಡು ವಾರದಲ್ಲಿ ನಾಲ್ಕು ದಿನ ಮುಚ್ಚಿರುತ್ತದೆ. ನಾನು ಕೊಡುವ ಕೆಲಸ ಮಾತ್ರ ಮಾಡುತ್ತಾನೆ. ಕಳೆದ ವಾರ ಮೂರನೆಯ ಅಡಿಗೆಮನೆಗೆ ಫೋನು ಮಾಡಿದೆ. ಅವನು ಸ್ಪೀಕರಿಗೆ ಹಾಕಿ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ.

“ಎರಡು ಗ್ರಿಲ್ಲು ಅಣ್ಣ. ಅಡಿಗೆಗೆ. ಎರಡಡಿಗೆ ಒಂದೂವರೆ.”

“ಎರಡು. ಅಡಿಗೆಗೆ. ಎರಡಡಿಗೆ ಒಂದೂವರೆ,” ಎಂದ. ಹೆಂಡತಿಯ ಕಡೆ ತಿರುಗಿ, “ಅಂಗೇ ಅಂದ್ಲಾ?” ಎಂದ. ಅವಳು ಹೂಂ ಎಂದಳು. “ಇನ್ನೊಂದ್ಸಲ ಯೋಳಮ್ಮ, ಬೇಜಾರು ಮಾಡ್ಕೋಬೇಡ.”

ಹೇಳಿದೆ. ಮೂರನೆಯ ಸಲವೂ ಹೇಳಿದೆ. ಅವನು ಸರಳು ಎಷ್ಟಿವೆ ಎಂದು ನೋಡಲು ಎದ್ದು ಹೋದ ಮೇಲೆ ಹೆಂಡತಿ ಫೋನು ಹತ್ತಿರ ತೆಗೆದುಕೊಂಡು ದನಿ ತಗ್ಗಿಸಿದಳು.

“ನೀನು ಒಳ್ಳೇಳಮ್ಮ. ಬೇರೆಯೋರಾದ್ರೆ ಎರಡ್ನೇ ಸಲಕ್ಕೇ ಬೈದು ಫೋನು ಇಕ್ಬುಡ್ತಾರೆ. ನೀನೊಬ್ಳೇ ಅವ್ರಿಗೆ ಬಿಡ್ಸಿ ಬಿಡ್ಸಿ ಯೋಳೋಳು.”